ಉಪ್ಪಿನ ಬಯಲಿನಲ್ಲಿ ಕೂಗಿದ ಹೆಸರು

ನಮ್ಮ ಮನೆಯವರು ನೆಲವನ್ನು ನಂಬುತ್ತಿರಲಿಲ್ಲ. ಮುಂಬಯಿಯ ವಿಕ್ರೋಳಿಯ ಚಾಳಿನ ಸಿಮೆಂಟು ನೆಲದ ಮೇಲೂ ಹಿಮ್ಮಡಿ ಒತ್ತಿ ನೋಡಿಯೇ ಹೆಜ್ಜೆ ಇಡುತ್ತಿದ್ದರು. ಪಕ್ಕದ ಖೋಲಿಯ ಗಂಗವ್ವ ನಗುತ್ತಿದ್ದಳು. "ಚಾಳ ಕುಸೀತೈತೇನ್ರಿ ಭಾವಾರ?"

"ಕುಸಿಯೂದು ಹೇಳಿ ಕೇಳಿ ಬರ್ತೈತೇನವಾ?"

ಅವರು ಲಾರಿ ಡ್ರೈವರ್. ಇಲ್ಲಿನ ಕಾರ್ಖಾನೆಯಿಂದ ಪಂಪುಗಳನ್ನು ಹೇರಿಕೊಂಡು ಗುಜರಾತಿನ ಕಚ್ ಕರಾವಳಿಯ ಉಪ್ಪಿನ ಆಗರಗಳಿಗೆ ಒಯ್ಯುತ್ತಿದ್ದರು. ಎಪ್ಪತ್ಮೂರರ ಬೇಸಿಗೆಯಲ್ಲಿ ನಾನು ಹಟ ಹಿಡಿದದ್ದಕ್ಕೆ ನನ್ನನ್ನೂ ಕರೆದೊಯ್ದರು.

ಕೊನೆಯ ಊರು ದಾಟಿದ ಮೇಲೆ ರಸ್ತೆ ಇರಲಿಲ್ಲ. ಎಡಕ್ಕೆ ಸಮುದ್ರ, ಬಲಕ್ಕೆ ಮರಳು, ಮುಳ್ಳುಕಂಟಿ, ಒಡೆದ ಕಲ್ಲುಗುಡ್ಡ. ನಡುವಿನ ಬಿಳಿ ಬಯಲಿನಲ್ಲಿ ಮೇಲೆ ಉಪ್ಪಿನ ಪದರ, ಕೆಳಗೆ ಕೆಸರು. ಒಂದು ಕಡೆ ಹೂತುಹೋದ ಲಾರಿಯ ನೆತ್ತಿ ಮಾತ್ರ ಕಾಣುತ್ತಿತ್ತು.

"ಯಾರದ್ರಿ ಅದು?"

"ಅವಸರದಾಂವಂದು."

ಅಂಥ ಕಡೆ ಬರಿಗಾಲಲ್ಲಿ ಇಳಿದು, ಹಿಮ್ಮಡಿ ಒತ್ತುತ್ತ ಮುಂದೆ ನಡೆದು ದಾರಿ ನೋಡಿ ಬರುವುದು ಅವರ ಕ್ರಮ. ಆ ಮಧ್ಯಾಹ್ನ ಇಳಿಯುವಾಗ ದೂರದಲ್ಲಿ ಕಂದು ಧೂಳು ಗೋಡೆಯಂತೆ ಏಳುತ್ತಿತ್ತು.

"ಧೂಳ ಬಂದ್ರ ನಂಗ ಲಾರಿ ಕಾಣೂದಿಲ್ಲ. ಕೂಗ್ಕೋತ ಇರು."

"ಹಾರ್ನ್ ಹೊಡೀಲೇನ್ರಿ?"

"ಬ್ಯಾಡ. ಗಾಳ್ಯಾಗ ಹಾರ್ನ್ ಎಲ್ಲಾ ಕಡಿಂದ ಕೇಳತೈತಿ. ಬಾಯಿಲೆ ಕೂಗು. ಹೆಸರ ಹಿಡದ ಕೂಗು, ಇಲ್ಲೇನ್ ನಮ್ಮವ್ವ ಕೇಳಾಕ ಬರೂದಿಲ್ಲ."

ಮದುವೆಯ ದಿನ ಒಡಪಿನ ಪದ್ಯದಲ್ಲಿ ಸೇರಿಸಿ ಹೇಳಿದ್ದು ಬಿಟ್ಟರೆ ಗಂಡನ ಹೆಸರನ್ನು ನಾನು ಬಾಯಿಗೆ ತಂದಿರಲಿಲ್ಲ. ಧೂಳು ಕವಿದಾಗ "ರೀ, ರೀ" ಎಂದೆ. ನನಗೇ ಕೇಳಿಸಲಿಲ್ಲ. ಮಸುಕಾದ ಅವರ ಬೆನ್ನು ಸಮುದ್ರದ ಕಡೆಗೇ ಸರಿಯುತ್ತಿತ್ತು. ಆಗ "ಶಿವಪ್ಪಾ" ಎಂದು ಒದರಿದೆ. ನಿಲ್ಲಿಸದೆ ಒದರಿದೆ. ಬೆನ್ನು ತಿರುಗಿತು.

ಮೊಣಕಾಲ ತನಕ ಕೆಸರಾಗಿ ಬಂದರು. "ಲಗ್ನದಾಗ ಹಿಂಗ ಒದರಿದ್ರ ಮಂದಿ ಉಣ್ಣೂದು ಬಿಟ್ಟ ಓಡ್ತಿದ್ರು" ಎಂದರು. ಧೂಳು ಪೂರ್ತಿ ಇಳಿಯುವ ತನಕ ಲಾರಿ ಚಾಲೂ ಮಾಡಲಿಲ್ಲ.

ಮುಂದಿನ ಬೇಸಿಗೆಗೆ ನಾನು ತುಂಬಿದ ಬಸುರಿ. ಅವರ ಜೊತೆ ಹೊಸ ಡ್ರೈವರ್ ಮಲ್ಲೇಶಿ ಹೋದ. ಹೊರಡುವಾಗ ಕೇಳಿದೆ, "ಕೂಗೂದು ಅವಂಗ ಹೇಳೀರೇನು?"

"ಹೇಳೀನಿ ಬಿಡು. ನಿನ್ನಂಥಾ ಗಂಟಲ ಅವಂಗೆಲ್ಲಿ?"

ಮಲ್ಲೇಶಿ ಒಬ್ಬನೇ ಹಿಂತಿರುಗಿದ. ಇವರು ದಾರಿ ನೋಡಲು ಇಳಿದಾಗ ಧೂಳು ಕವಿಯಿತಂತೆ; ಆಗರದವರು ಎಷ್ಟು ಹುಡುಕಿದರೂ ಸಿಗಲಿಲ್ಲವಂತೆ. ಬಾಗಿಲಲ್ಲೇ ನಿಂತು, "ಹೊತ್ತ ಮುಣುಗೂ ತನಕ ಹಾರ್ನ್ ಹೊಡದೆ, ವೈನಿ" ಎಂದ.

"ಬಾಯಿಲೆ ಕೂಗಲಿಲ್ಲೇನಪ್ಪ?"

"ಕೂಗಂತ ಹೇಳಿದ್ರು. ಹಾರ್ನಿಗಿಂತ ನನ್ನ ದನಿ ದೊಡ್ಡದೇನ್ರಿ?"

ನಾನು ಒಳಗೆ ಹೋಗಿ ನೀರು ತಂದುಕೊಟ್ಟೆ. ಲೋಟ ಹಿಡಿದುಕೊಂಡೇ ನಿಂತಿದ್ದ, ಕುಡಿಯಲಿಲ್ಲ.