ದುರ್ಬೀನಿನಲ್ಲಿ ನೆಟ್ಟಗೆ ನಿಂತ ಹೆಂಗಸು

ದೆವ್ವ, ಶಕುನ ಅಂತ ಮಾತು ಶುರುವಾದರೆ ಎದ್ದು ಹೋಗುತ್ತಿದ್ದವನು ನಾನು. ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದ ನನಗೆ ಕಾಂಕ್ರೀಟಿನ ಮೇಲಿದ್ದಷ್ಟು ನಂಬಿಕೆ ಬೇರೆ ಯಾವುದರ ಮೇಲೂ ಇರಲಿಲ್ಲ. ಈಗ ಹೇಳುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಕ್ಕುಬಿಡುತ್ತಿದ್ದೆ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಮುಲುಂಡಿನಲ್ಲಿ. ಮೈಸೂರಿನಿಂದ ನೌಕರಿಗೆಂದು ಬಂದಿದ್ದ ಅಪ್ಪನಿಗೆ ನಾನು ಬ್ಯಾಂಕ್ ಪರೀಕ್ಷೆ ಬರೆಯಲಿಲ್ಲವೆಂಬ ಕೊರಗು. "ಸಿವಿಲ್ ಅಂದ್ರೆ ಜೀವನವಿಡೀ ಬಿಸಿಲಲ್ಲಿ ನಿಲ್ಲೋದು ಕಣೋ" ಎನ್ನುತ್ತಿದ್ದರು. ಆ ಏಪ್ರಿಲ್‌ನಲ್ಲಿ ತರಗತಿಯವರೆಲ್ಲ ಪ್ರೊಫೆಸರ್ ಜೊತೆ ಸರ್ವೆ ಕಲಿಯಲು ಗುಡ್ಡದ ಬುಡದ ಬಯಲಿಗೆ ಹೋದಾಗ ಅದು ನಿಜವೆನ್ನಿಸಿತ್ತು.

ಗೆಳೆಯ ಸುಧಾಕರ, ಮಾಟುಂಗದ ಉಡುಪಿ ಹೋಟೆಲಿನವರ ಮಗ, ಹಳೆಯ ಕಲ್ಲುಗೋಡೆಯ ಪಕ್ಕ ಉದ್ದನೆಯ ಅಳತೆಕೋಲು ಹಿಡಿದು ನಿಂತಿದ್ದ. ದೂರದಿಂದ ಸರ್ವೆ ದುರ್ಬೀನಿನಲ್ಲಿ ಅದರ ಅಂಕಿ ಓದುವುದು ನನ್ನ ಕೆಲಸ. ನಮ್ಮ ಕಾಲೇಜಿನ ಹಳೆಯ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿಯೇ ಕಾಣುತ್ತಿತ್ತು. ಸುಧಾಕರ ಬಾವಲಿಯ ಹಾಗೆ ನೇತಾಡುವುದನ್ನು ನೋಡಿ ನಗುವುದು ನಮ್ಮ ನಿತ್ಯದ ತಮಾಷೆ.

ಆವತ್ತು ಅವನ ಪಕ್ಕದಲ್ಲಿ ಒಬ್ಬ ಹೆಂಗಸು ಕಂಡರು. ಹಸಿರು ಸೀರೆ, ನಡುವಯಸ್ಸು. ಗೋಡೆ, ಗುಡ್ಡ, ಸುಧಾಕರ ಎಲ್ಲ ತಲೆಕೆಳಗು. ಅವರೊಬ್ಬರು ಮಾತ್ರ ನೆಟ್ಟಗೆ ನಿಂತಿದ್ದರು. ದುರ್ಬೀನಿನಿಂದ ಕಣ್ಣು ತೆಗೆದು ನೋಡಿದರೆ ಸುಧಾಕರ ಒಬ್ಬನೇ. ಮತ್ತೆ ದುರ್ಬೀನಿಗೆ ಕಣ್ಣಿಟ್ಟೆ. ಅವರು ಅಲ್ಲೇ ಇದ್ದರು. ನನ್ನನ್ನೇ ನೋಡುತ್ತ, ಇವನನ್ನು ಕರೆದುಕೋ ಎಂಬಂತೆ ಕೈಬೀಸುತ್ತಿದ್ದರು.

"ಸುಧಾಕರ, ಬೇಗ ಈ ಕಡೆ ಬಾರೋ!" ಎಂದು ಕೂಗಿದೆ.

"ಎಂತ ಮಾರಾಯ, ಈಗಷ್ಟೇ ಸರಿ ಹಿಡಿದದ್ದು" ಎಂದು ಗೊಣಗುತ್ತ ಅವನು ಕೋಲು ಹೊತ್ತು ಬಂದ. ಅರ್ಧ ದಾರಿಗೆ ಬಂದಿದ್ದನೋ ಇಲ್ಲವೋ, ಅವನ ಬೆನ್ನ ಹಿಂದೆ ಇಡೀ ಗೋಡೆ ಕುಸಿಯಿತು.

ಅಡಿಯಲ್ಲಿ ಹೆಂಗಸು ಸಿಕ್ಕಿಕೊಂಡಿದ್ದಾರೆಂದು ನಾನು ಹಟ ಹಿಡಿದೆ. ಎಲ್ಲರೂ ಸೇರಿ ಕಲ್ಲು ಸರಿಸಿದೆವು. ಯಾರೂ ಇರಲಿಲ್ಲ. ನೀರಿನಲ್ಲಿ ತಲೆಕೆಳಗಾಗಿ ಬಿದ್ದ ಬಿಂಬವಾದರೆ ದುರ್ಬೀನಿನಲ್ಲಿ ನೆಟ್ಟಗೆ ಕಂಡೀತು ಎಂದರು ನಮ್ಮ ಪ್ರೊಫೆಸರ್. ಮಾತು ಸರಿಯೇ. ಆದರೆ ಆ ಬಿಸಿಲಲ್ಲಿ ತೊಟ್ಟು ನೀರಿರಲಿಲ್ಲ, ಬಿಂಬ ಬೀಳಲು ಹೆಂಗಸೂ ಇರಲಿಲ್ಲ.

ಸುಧಾಕರ ಮುಂದೆ ಸೇತುವೆ ಕಟ್ಟುವ ಕೆಲಸ ಹಿಡಿದ. ನಾನು ಹಳೆಯ ಕಟ್ಟಡಗಳ ಗಟ್ಟಿತನ ಪರೀಕ್ಷಿಸುವ ಕಂಪನಿ ಸೇರಿದೆ. ಬಿರುಕುಬಿಟ್ಟ ಚಾಳಿನ ಸಾಲುಮನೆಗಳಿಂದ ಸಂಸಾರಗಳನ್ನು ಹೊರಗೆ ಕಳಿಸುವಾಗ ಜನ ನನಗೆ ಬೈಯುತ್ತಾರೆ. ನಾನು ಮಾತ್ರ ಆ ಹಸಿರು ಸೀರೆಯ ತಾಯಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಅವರಿಂದ ನನಗೆ ಗೆಳೆಯ ಉಳಿದ. ಈ ಕೆಲಸದ ಮೇಲೆ ಪ್ರೀತಿ ಹುಟ್ಟಿದ್ದೂ ಅಲ್ಲಿಂದಲೇ.

ಗೋಡೆ ಬಿದ್ದ ದಿನ ಸಂಜೆ ಸುಧಾಕರನ ಮನೆಗೆ ಹೋಗಿ ಎಲ್ಲ ಹೇಳಿದ್ದೆ. ಅವನ ಅಮ್ಮ ಮಗನ ಕೈ ಬಿಡದೆ ಕೇಳಿಸಿಕೊಂಡರು. ಅದು ಹೇಗೆ ಸಾಧ್ಯ ಎಂದು ಅವರು ಕೇಳಲೇ ಇಲ್ಲ. "ಆ ಹೆಂಗಸಿಗೆ ಎಂತದೂ ಪೆಟ್ಟಾಗ್ಲಿಲ್ಲ ಅಲ್ವಾ ಮಗಾ?" ಎಂದರು.

ಇಲ್ಲಮ್ಮ ಎಂದೆ. ಇಂದಿಗೂ ನನಗದು ಗೊತ್ತಿಲ್ಲ.