ಸೊಸೆಯ ರೊಟ್ಟಿಗೆ ಪುಕ್ಕಟೆ ಅಕ್ಷರ

ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಸೊಸೆಯ ಕಡಕ್ ರೊಟ್ಟಿ ವ್ಯಾಪಾರಕ್ಕೆ ಮೊಮ್ಮಗಳು ವೆಬ್‌ಸೈಟ್ ಮಾಡಲು ಕೂತಾಗ ಅದರಲ್ಲಿ ಯಾವ ನಮೂನೆಯ ಅಕ್ಷರ ಇರಬೇಕೆಂದು ಆರಿಸಲು ನನ್ನನ್ನೇ ಕರೆದಳು. ಮದುವೆ ಮನೆಗೆ ರೊಟ್ಟಿ ಹೇಳುವವರು ನನ್ನಂಥ ಮುದುಕಿಯರೇ. ನನಗೆ ಓದಲು ಬಂದರೆ ಎಲ್ಲರಿಗೂ ಬಂದಂತೆ. ಈ ಸಲ ಆರ್ಡರ್ ಬರದಿದ್ದರೆ ಸೊಸೆ ರೊಟ್ಟಿ ಬಿಟ್ಟು ಗಿಣಿಗೇರಾದ ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕಲು ಹೋಗಬೇಕಿತ್ತು. ಅದು ಆಕೆಗೆ ಸುತರಾಂ ಬೇಡವಾಗಿತ್ತು.

ಅಕ್ಷರಗಳೆಲ್ಲ ಪುಕ್ಕಟೆಯಂತೆ. ಪುಕ್ಕಟೆ ಕೊಡುವವರಿಗೆ ಏನು ಗಿಟ್ಟುತ್ತದೆ ಎಂದು ಕೇಳಿದೆ. ಮಾಡಿದವರೇ ಬಿಟ್ಟುಕೊಟ್ಟಿದ್ದಾರೆ, ವ್ಯಾಪಾರಕ್ಕೂ ಬಳಸಬಹುದೆಂದು ಬರೆದಿದೆ ಎಂದಳು. ಮೊದಲು ತೋರಿಸಿದ್ದು ಎಳೆ ಎಳೆಯಾಗಿತ್ತು.

"ರೊಟ್ಟಿ ಮಾರಾಕ ಶಾವಿಗಿ ಯಾಕ ಹರವಿದಿ?" ಎಂದೆ.

ಇನ್ನೊಂದಕ್ಕೆ ಬಾಲವೇ ಬಾಲ. ಮೂರನೆಯದು ಕರ್ರಗೆ, ದಪ್ಪಗೆ ಇತ್ತು; ಕನ್ನಡಕವಿಲ್ಲದೆ ಓದಿದೆ. ಅದೇ ಇರಲಿ ಎಂದೆ. ಅವಳು ಮೇಲೆ ದುಂಡಗೆ ಸೊಸೆಯ ಫೋಟೋ ಇಟ್ಟು, ಸುತ್ತ ಚೆಂಡುಹೂವು ಬಿಡಿಸಿ, ಬೆಳಿಗ್ಗೆ ಬಳಗಕ್ಕೆಲ್ಲ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಎದುರು ಮನೆಯಾಕೆ ಬಾಯಿಗೆ ಸೆರಗು ಹಿಡಿದು ಬಂದಳು. ಹಿಂದೆಯೇ, ನನ್ನ ಮಗಳನ್ನು ಕೊಟ್ಟ ಮರಳಿ ಊರಿನ ಬೀಗರ ಫೋನು.

"ಮಣ್ಣು ಎಷ್ಟ್ ಗಂಟೆಕ್ಕ್ರಿ?"

ಮಣ್ಣು ಕೊಡುವುದು ಯಾರಿಗೆ ಎಂದು ನಾನು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು. ಹಿಟ್ಟಿನ ಕೈಯಲ್ಲೇ ಸೊಸೆ ಹೊರಬಂದಳು.

"ಯಾರ್ ಹೋದರ್ರಿ ಅಕ್ಕಾರ?"

"ನೀನ ಹೋದಿ ಅಂತ ಬಂದೀನಲ್ಲವ್ವಾ," ಎಂದು ಎದುರು ಮನೆಯಾಕೆ ಕಟ್ಟೆಯ ಮೇಲೆ ಕುಸಿದಳು.

ಮೊಬೈಲು ನೋಡಿದೆ. ನಮ್ಮ ಭಾಗ್ಯನಗರದಲ್ಲಿ ಯಾರೇ ಸತ್ತರೂ ಓಣಿಯ ಮೂಲೆಯಲ್ಲಿ ಕಟ್ಟುವ ಬ್ಯಾನರ್ ಹೀಗೇ ಇರುತ್ತದೆ: ಇದೇ ಕರ್ರನೆ ಅಕ್ಷರ, ದುಂಡನೆ ಫೋಟೋ, ಹೂವು. ಕೆಳಗೆ ರೊಟ್ಟಿಯ ದರ ಬರೆದದ್ದನ್ನು ಒಬ್ಬರೂ ಓದಿರಲಿಲ್ಲ.

ಮೊಮ್ಮಗಳು ಮುಖ ಊದಿಸಿಕೊಂಡೇ ಹೂವು ಅಳಿಸಿದಳು, ಫೋಟೋ ತೆಗೆದು ರೊಟ್ಟಿಯ ಚಿತ್ರ ಹಾಕಿದಳು. ದುಂಡಗೆ, ಬಿಡಿಬಿಡಿಯಾಗಿದ್ದ ಸಾದಾ ಅಕ್ಷರವೊಂದನ್ನು ಹುಡುಕಿದಳು. ಅದೂ ಪುಕ್ಕಟೆಯೇ. ಈ ಸಲ ಎದುರು ಮನೆಯಾಕೆಯ ಮುಂದೆ ಹಿಡಿದು, ಓದಲು ಬರುತ್ತದೆಯೇ ಎಂದು ಕೇಳುವ ಮೊದಲು, ಯಾರಾದರೂ ಸತ್ತಂತೆ ಕಾಣುತ್ತದೆಯೇ ಎಂದು ಕೇಳಿದಳು. ಆಕೆ ನಿಧಾನವಾಗಿ ದರ ಓದಿ, ತುಟ್ಟಿಯಾಯಿತು ಎಂದಳು. ಅಕ್ಷರ ಪಾಸಾಯಿತು.

ಅಷ್ಟರಲ್ಲಿ ಬೀಗರು ಗಾಡಿ ಮಾಡಿಕೊಂಡು, ದೊಡ್ಡ ಹಾರ ಹಿಡಿದು ಇಳಿದರು. ಬಾಗಿಲಲ್ಲಿ ಸೊಸೆಯನ್ನು ಕಂಡು ಹಾರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ಮುಂದಿನ ವಾರ ಅವರ ಮನೆಯಲ್ಲಿ ಮದುವೆ ಇರುವುದು ಸೊಸೆಗೆ ಗೊತ್ತಿತ್ತು.

"ಹಾರ ಗಾಡ್ಯಾಗ ಇಟ್ಟು ಬರ್ರಿ ಮಾವಾರ," ಎಂದಳು. "ರೊಟ್ಟಿ ಎಷ್ಟ್ ಬೇಕು, ಅದನ್ ಹೇಳ್ರಿ."

ಸತ್ತಳೆಂದು ಬಂದವರು ಬೇಡ ಎನ್ನುವುದು ಹೇಗೆ? ಐದುನೂರು ಹೇಳಿ ಹೋದರು.