ಹೆಸರು ಹೇಳಬೇಡಿರಿ ಎಂದಿದ್ದಳು

ಕೋವಿಡ್ ಮುಗಿದು ಶಾಲೆಗಳು ಪೂರ್ತಿಯಾಗಿ ಬಾಗಿಲು ತೆರೆದ ವರ್ಷ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ನಾನು ಕ್ಷೇತ್ರ ಶಿಕ್ಷಣಾಧಿಕಾರಿ, ಜನರ ಬಾಯಲ್ಲಿ ಬಿಇಒ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ತಾಲ್ಲೂಕಿನ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಹುಡುಗಿಯ ಹೆಸರನ್ನೂ ಅವಳ ತಂದೆಯ ಹೆಸರನ್ನೂ ಬದಲಿಸಿದ್ದೇನೆ; ಅವಳನ್ನು ಕಾವೇರಿ ಎಂದು ಕರೆಯುತ್ತೇನೆ. ಅವಳ ಹೆಸರಿನ ವಿಷಯದಲ್ಲಿ ಒಮ್ಮೆ ಮಾಡಿದ ಅನ್ಯಾಯವೇ ಸಾಕಾಗಿದೆ.

ಸ್ವಾತಂತ್ರ್ಯ ದಿನಾಚರಣೆ ಮುಗಿದ ವಾರ ಅಂಚೆಯಲ್ಲಿ ಒಂದು ಕಾಗದ ಬಂತು. ನೋಟುಪುಸ್ತಕದಿಂದ ಹರಿದ ಹಾಳೆ, ಎರಡೂ ಬದಿ ಬರಹ. ಬರೆದವಳು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಏಳನೆಯ ತರಗತಿಯ ಹುಡುಗಿ. ಪ್ರತಿ ಶನಿವಾರ ಶೌಚಾಲಯ ತೊಳೆಯುವ ಪಾಳಿಯಲ್ಲಿ ತಮ್ಮ ಕೇರಿಯ ಎಂಟು ಮಕ್ಕಳ ಹೆಸರುಗಳೇ ಇರುತ್ತವೆ, ಉಳಿದವರಿಗೆ ಹೂಗಿಡಕ್ಕೆ ನೀರು ಹಾಕುವ ಪಾಳಿ ಎಂದು ದೂರಿದ್ದಳು. ‘ಎಲ್ಲರೂ ಸಮಾನರು ಎಂದು ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇದೆ. ಹಾಗಾದರೆ ನಮ್ಮ ಪಾಳಿ ಯಾಕೆ ಬದಲಾಗುವುದಿಲ್ಲ?’ ಎಂದು ಕೇಳಿದ್ದಳು. ಕೇರಿ ಎಂದರೆ ದಲಿತ ಕೇರಿ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಸರಕಾರಿ ಕಚೇರಿಯಲ್ಲಿ ಅರ್ಜಿ ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ಬಂದ ಅರ್ಜಿಗೆ ಆ ವಿಷಯ ನೋಡಿಕೊಳ್ಳುವ ಗುಮಾಸ್ತರು ಒಂದು ಮುಖಪತ್ರ ಹಚ್ಚುತ್ತಾರೆ. ‘ನಿಯಮಾನುಸಾರ ಕ್ರಮಕ್ಕಾಗಿ ಮುಖ್ಯೋಪಾಧ್ಯಾಯರಿಗೆ ರವಾನಿಸಿದೆ, ಮೂಲ ಅರ್ಜಿ ಲಗತ್ತಿಸಿದೆ.’ ಅಂಥ ಕಡತಗಳು ಸಂಜೆ ಐದಕ್ಕೆ ಕಂತೆಯಾಗಿ ನನ್ನ ಮೇಜಿಗೆ ಬರುತ್ತಿದ್ದವು. ಆ ದಿನ ಬೆಳಗಿನಿಂದ ಹಾವೇರಿಯಲ್ಲಿ ಸಭೆಗೆ ಕೂತು ಬಂದು ತಲೆ ಸಿಡಿಯುತ್ತಿತ್ತು. ಕಾಗದದ ಮುಂದಿನ ಬದಿ ಓದಿದೆ, ಸಿಟ್ಟು ಬಂತು, ‘ತುರ್ತು’ ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಿದೆ. ಹಿಂದಿನ ಬದಿ ತಿರುವಿ ನೋಡಲಿಲ್ಲ.

ಹದಿನೆಂಟು ದಿನಕ್ಕೆ ಮುಖ್ಯೋಪಾಧ್ಯಾಯರ ವರದಿ ಬಂತು. ದೂರು ಸುಳ್ಳು, ತಪ್ಪೊಪ್ಪಿಗೆ ಬರೆದುಕೊಡಲು ವಿದ್ಯಾರ್ಥಿನಿ ನಿರಾಕರಿಸಿದ್ದಾಳೆ, ಪಾಲಕರ ಕೋರಿಕೆಯ ಮೇರೆಗೆ ವರ್ಗಾವಣೆ ಪತ್ರ ನೀಡಲಾಗಿದೆ, ಪ್ರಕರಣ ಮುಕ್ತಾಯಗೊಳಿಸಲು ಕೋರಿದೆ. ಜೊತೆಗೆ ಆ ಮೂಲ ಅರ್ಜಿಯನ್ನೂ ಹಿಂದಿರುಗಿಸಿದ್ದರು. ಅದನ್ನು ಈ ಸಲ ತಿರುವಿದೆ. ಹಿಂದಿನ ಬದಿಯ ಕೊನೆಗೆ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ನನ್ನ ಹೆಸರು ನಮ್ಮ ಶಾಲೆಯಲ್ಲಿ ಯಾರಿಗೂ ಹೇಳಬೇಡಿರಿ.’

ಆ ಮಗುವನ್ನು ಹೆಸರು ಹಿಡಿದು ತೋರಿಸಿ, ಪಾಳಿ ಹಾಕಿದ ಮುಖ್ಯೋಪಾಧ್ಯಾಯರ ಕೈಗೇ ಒಪ್ಪಿಸಿದವಳು ನಾನೇ.

ಮರುದಿನ ಹತ್ತೂವರೆಗೆ ಶಾಲೆಯಲ್ಲಿದ್ದೆ. ನಿವೃತ್ತಿಗೆ ಹತ್ತಿರವಾಗಿದ್ದ ಮುಖ್ಯೋಪಾಧ್ಯಾಯರು ಊರಲ್ಲಿ ದೊಡ್ಡ ಮನುಷ್ಯರೆನಿಸಿಕೊಂಡವರು. ವರ್ಗಾವಣೆಯ ಅರ್ಜಿ ತರಿಸಿ ನೋಡಿದೆ. ಕೆಳಗೆ ತಂದೆಯ ಹೆಬ್ಬೆಟ್ಟು, ಮೇಲೆ ಮುತ್ತಿನಂಥ ಅಕ್ಷರ.

“ಇದು ಯಾರ ಅಕ್ಷರ?” ಎಂದೆ.

“ಅವಗ ಬರಿಯಾಕ ಬರಂಗಿಲ್ರಿ ಮೇಡಂ. ನಾನ ಬರದುಕೊಟ್ಟೇನಿ.”

“ಪಾಳಿ?”

“ಆ ಕೇರಿ ಹುಡುಗೂರಿಗೆ ರೂಢಿ ಐತ್ರಿ. ಉಳದವರಿಗೆ ಹಚ್ಚಿದ್ರ ಅವರ ಮನ್ಯಾವ್ರು ಜಗಳಕ್ಕ ಬರ್ತಾರ. ನಾ ಊರ ನೋಡ್ಕೊಂಡ ಸಾಲಿ ನಡಸಬೇಕಲ್ರಿ.”

ಅವರ ದನಿಯಲ್ಲಿ ಅಂಜಿಕೆಯಿರಲಿ, ಮುಜುಗರವೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ಸಂವಿಧಾನದ ಇಪ್ಪತ್ತೊಂದು-ಎ ವಿಧಿ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ಕೊಟ್ಟಿದೆ. ಹದಿನೇಳನೆಯ ವಿಧಿ ಅಸ್ಪೃಶ್ಯತೆಯನ್ನು ಅಳಿಸಿ ಹಾಕಿದೆ. ಎಂಟನೆಯ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇದೆಲ್ಲ ಅವರಿಗೂ ಗೊತ್ತಿತ್ತು. ಅದಕ್ಕೇ ‘ಪಾಲಕರ ಕೋರಿಕೆ’ ಎಂಬ ಬಾಗಿಲಿನಿಂದ ಆಕೆಯನ್ನು ಹೊರಗೆ ಕಳಿಸಿದ್ದರು.

ತಂದೆ ಹನುಮಂತಪ್ಪ ಬ್ಯಾಡಗಿಯ ಕೋಲ್ಡ್ ಸ್ಟೋರೇಜೊಂದರಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಘಾಟಿಗೆ ನನಗೆ ಕೆಮ್ಮು ಹತ್ತಿ ಮಾತೇ ಹೊರಡಲಿಲ್ಲ; ಆತ ನೀರು ತಂದುಕೊಟ್ಟು ದೂರ ನಿಂತ. ಶಿಕ್ಷಣ ಇಲಾಖೆಯವಳು ಎಂದಷ್ಟೇ ಹೇಳಿ, ಮಗಳನ್ನು ಶಾಲೆ ಬಿಡಿಸಿದ್ದೇಕೆ ಎಂದು ಕೇಳಿದೆ.

“ಬಿಡಸೂ ಮನಸ್ಸಿರಲಿಲ್ರಿ ಬಾಯಾರ,” ಎಂದ. “ಮೂರ ದಿನ ಕಟ್ಟಿ ಮ್ಯಾಲ ನಿಂದ್ರಿಸಿದ್ರಂತ. ತಪ್ಪಾತು ಅಂತ ಬರೀ ಅಂದ್ರ ಇಕಿ ಬರೀವಲ್ಲಳು. ಕಡೀಕ ನನ್ನ ಕರಸಿ ಒಂದ ಕಾಗದಾ ತೋರಿಸಿದ್ರು. ಕೆಂಪ ಅಕ್ಷರ ಐತಿ ನೋಡು, ದೊಡ್ಡ ಸಾಹೇಬರ ಸಿಟ್ಟಿಗೆದ್ದಾರ, ಪೊಲೀಸರ ಬರ್ತಾರ ಅಂದ್ರು. ಹೆದರಿ ಬೊಟ್ಟ ಒತ್ತಿದ್ನಿರಿ.”

ಆ ದೊಡ್ಡ ಸಾಹೇಬರು ಸೀರೆ ಉಟ್ಟುಕೊಂಡು ಅವನೆದುರಿಗೇ ನಿಂತಿದ್ದರು. “ಮಗಳು ಎಲ್ಲಿದ್ದಾಳೆ?” ಎಂದಷ್ಟೇ ಕೇಳಿದೆ.

ರಾಣೆಬೆನ್ನೂರಿನ ಆಚೆ, ಅತ್ತೆಯ ಜೊತೆ ಹತ್ತಿ ಬೀಜೋತ್ಪಾದನೆಯ ಹೊಲದಲ್ಲಿ ಎಂದ. ಅಲ್ಲಿ ಕ್ರಾಸಿಂಗ್ ಎಂಬ ಕೆಲಸ ನಡೆಯುತ್ತದೆ. ಸಂಜೆ ಹೆಣ್ಣು ಸಾಲಿನ ಮೊಗ್ಗುಗಳ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗವನ್ನು ಅವಕ್ಕೆ ತಾಗಿಸಬೇಕು. ಸಣ್ಣ ಬೆರಳುಗಳಿಗೆ ಅಲ್ಲಿ ಬೇಡಿಕೆ ಜಾಸ್ತಿ. ಎರಡು ತಿಂಗಳ ಆ ಸುಗ್ಗಿಗೆ ಹೋದ ಹುಡುಗಿಯರಲ್ಲಿ ಮರಳಿ ಶಾಲೆ ಮೆಟ್ಟಿಲು ಹತ್ತಿದವರನ್ನು ನನ್ನ ನೌಕರಿಯಲ್ಲಿ ಬೆರಳೆಣಿಕೆಯಷ್ಟು ಕಂಡಿದ್ದೇನೆ. ಹನುಮಂತಪ್ಪನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟೆ.

ಹೊಲ ಮುಟ್ಟಿದಾಗ ನಾಲ್ಕು ಗಂಟೆ. ಸರಕಾರಿ ಜೀಪು ದೂರದಿಂದಲೇ ಕಂಡಿರಬೇಕು. ಹತ್ತಿ ಸಾಲುಗಳಲ್ಲಿ ದೊಡ್ಡ ಹೆಂಗಸರಷ್ಟೇ ಇದ್ದರು. “ನಮ್ಮಲ್ಲೆ ಹುಡುಗೂರ ಇಲ್ರಿ,” ಎಂದ ಹೊಲದವನು. ಬದುವಿನ ಮೇಲೆ ಸಣ್ಣ ಅಳತೆಯ ಏಳೆಂಟು ಜೊತೆ ಚಪ್ಪಲಿಗಳಿದ್ದವು. ಅವುಗಳನ್ನು ತೋರಿಸಿದೆ. ಆತ ಬೇರೆ ಕಡೆ ನೋಡಿದ. ಪಕ್ಕದ ಗೋವಿನಜೋಳದ ಹೊಲ ಆಳೆತ್ತರ ಬೆಳೆದು ನಿಂತಿತ್ತು. ಗಾಳಿ ಇಲ್ಲದಿದ್ದರೂ ಅದರ ಎಲೆಗಳು ಅಲ್ಲಲ್ಲಿ ಅಲುಗುತ್ತಿದ್ದವು.

ಹನುಮಂತಪ್ಪ ಬಾಯಿಗೆ ಕೈ ಹಿಡಿದು ಮಗಳನ್ನು ಕೂಗಿದ. ಎರಡು ಸಲ ಕೂಗಿದರೂ ಯಾರೂ ಬರಲಿಲ್ಲ. ಮೂರನೆಯ ಸಲ ಅವನ ದನಿ ಒಡೆಯಿತು. ಆಗ ಒಬ್ಬ ಹುಡುಗಿ ಜೋಳದ ಸಾಲಿನಿಂದ ಹೊರಗೆ ಬಂದಳು. ಹನ್ನೆರಡು ವರ್ಷ, ಬೆರಳ ತುದಿಯೆಲ್ಲ ಹಳದಿ.

ನಾನು ಯಾರೆಂದು ಹೇಳಿದೆ. ಆಕೆ ನನ್ನನ್ನು ನೆಟ್ಟಗೆ ನೋಡಿ ಒಂದೇ ಪ್ರಶ್ನೆ ಕೇಳಿದಳು. “ನನ್ನ ಹೆಸರು ಅವರಿಗೆ ಹೆಂಗ ಗೊತ್ತಾತ್ರಿ ಅಕ್ಕಾರ? ಹೇಳಬ್ಯಾಡ್ರಿ ಅಂತ ಬರದಿದ್ನಲ್ರಿ.”

ಗುಮಾಸ್ತರ ತಪ್ಪು ಎನ್ನಬಹುದಿತ್ತು. ಕಚೇರಿಯ ಪದ್ಧತಿ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದೂ ಅದೇ. ಆದರೆ ತಂದೆ ಪಕ್ಕದಲ್ಲೇ ನಿಂತಿದ್ದ, ಇಬ್ಬರಿಗೂ ಒಟ್ಟಿಗೇ ಹೇಳಿಬಿಟ್ಟೆ. “ನಾನ ಕಳಿಸಿದೆನವ್ವಾ. ಪೂರ್ತಿ ಓದಲಿಲ್ಲ. ಆ ಕೆಂಪ ಅಕ್ಷರಾನೂ ನಂದ.”

ಹನುಮಂತಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಕಾವೇರಿ ಬೆರಳಿನ ಹಳದಿಯನ್ನು ತಿಕ್ಕಿಕೊಂಡಳು.

“ತಪ್ಪಾತಂತ ನಾ ಬರಿಯಂಗಿಲ್ರಿ,” ಎಂದಳು ಕೊನೆಗೆ.

“ಬರೀಬ್ಯಾಡ.”

ಉಳಿದ ಮಕ್ಕಳ ವಿಷಯ ಕಾರ್ಮಿಕ ಇಲಾಖೆಗೆ ಅಲ್ಲಿಂದಲೇ ಫೋನಿನಲ್ಲಿ ತಿಳಿಸಿದೆ. ಕಾವೇರಿಯನ್ನು ಮನೆಗೆ ಬಿಟ್ಟು, ಸೋಮವಾರ ಶಾಲೆಯಲ್ಲಿ ಪಾಲಕರ ಸಭೆ ಕರೆದೆ. ಮಗುವಿಗೆ ಮಾತು ಕೊಟ್ಟು ಬಂದಿದ್ದೆ, ಅದನ್ನು ಊರಿನೆದುರು ಉಳಿಸಿಕೊಳ್ಳಬೇಕಿತ್ತು.

ಸೋಮವಾರ ಶಾಲೆಯ ಅಂಗಳ ತುಂಬಿತ್ತು. ಹೆಂಗಸರೆಲ್ಲ ಒಂದು ಕಡೆ, ಕೇರಿಯ ನಾಲ್ಕಾರು ಜನ ಗೇಟಿನ ಹತ್ತಿರ, ಕಾವೇರಿ ಮತ್ತು ಅವಳ ತಂದೆ ನನ್ನ ಮೇಜಿನ ಪಕ್ಕ. ಮಕ್ಕಳಿಂದ ಶೌಚಾಲಯ ತೊಳೆಸುವುದೇ ತಪ್ಪು, ಯಾವ ಕೇರಿಯ ಮಗುವಾದರೂ ಸರಿ, ಇವತ್ತಿನಿಂದ ಪಾಳಿ ರದ್ದು ಎಂದೆ. ಗುಜುಗುಜು ಎದ್ದಿತು. ವರ್ಗಾವಣೆ ಪತ್ರ ರದ್ದಾಗಿದೆ, ಕಾವೇರಿ ಈಗಲೇ ತರಗತಿಗೆ ಹೋಗಬೇಕು ಎಂದೆ. ಗುಜುಗುಜು ನಿಂತುಹೋಯಿತು.

ಶಾಲಾ ಸಮಿತಿಯ ಅಧ್ಯಕ್ಷರು ಎದ್ದು ನಿಂತರು. “ಸೇರಿಸ್ಕೊಳ್ರಿ ಮೇಡಂ, ನಾವೇನ ಬ್ಯಾಡ ಅನ್ನೂದಿಲ್ಲ. ಗುರುಗಳ ಮ್ಯಾಲ ಬರದಾಳ, ಊರ ಮರ್ಯಾದಿ ಹೋಗೈತಿ. ಒಂದ ಸಾಲ ತಪ್ಪಾತು ಅಂತ ಬರದಕೊಡ್ಲಿ. ಇಲ್ಲಂದ್ರ ನಮ್ಮ ಹುಡುಗೂರ ಟೀಸಿ ನಾವೂ ಒಯ್ತೇವಿ.”

ಆ ಭಾಗದ ಶಾಲೆಗಳಲ್ಲಿ ತಪ್ಪೊಪ್ಪಿಗೆ ಹಳೆಯ ರೂಢಿ. ಗಾಜು ಒಡೆದರೂ ಅದೇ, ತಡವಾಗಿ ಬಂದರೂ ಅದೇ. ಬರೆಸಿಕೊಂಡದ್ದು ಮುಖ್ಯೋಪಾಧ್ಯಾಯರ ಕಪಾಟು ಸೇರುತ್ತದೆ, ಜಗಳ ಮುಗಿಯುತ್ತದೆ. ನಿಜ ಹೇಳುತ್ತೇನೆ, ಆ ಗಳಿಗೆ ನನಗೂ ಆಸೆಯಾಯಿತು. ಒಂದೇ ಸಾಲು. ಶಾಲೆ ಉಳಿಯುತ್ತದೆ, ಹುಡುಗಿಯೂ ಒಳಗೆ ಹೋಗುತ್ತಾಳೆ. ಹನುಮಂತಪ್ಪ ಕೂಡ “ಬರದಬಿಡ ಅವ್ವಾ” ಎಂದು ಅಂಗಲಾಚಿದ. ಮುಖ್ಯೋಪಾಧ್ಯಾಯರು ಬಿಳಿ ಹಾಳೆ, ಪೆನ್ನು ಮೇಜಿನ ಮೇಲಿಟ್ಟರು.

ಕಾವೇರಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಯಾರನ್ನೂ ನೋಡದೆ ನನ್ನನ್ನೇ ನೋಡುತ್ತಿದ್ದಳು.

ಹಾಳೆಯನ್ನು ನನ್ನ ಕಡೆ ಎಳೆದುಕೊಂಡು ಬರೆದೆ. ಬರೆದದ್ದನ್ನು ಎದ್ದು ನಿಂತು ಗಟ್ಟಿಯಾಗಿ ಓದಿದೆ. “ಕ್ಷೇತ್ರ ಶಿಕ್ಷಣಾಧಿಕಾರಿಯಾದ ನಾನು, ಈ ವಿದ್ಯಾರ್ಥಿನಿ ಗುಟ್ಟಾಗಿಡಲು ಕೋರಿದ್ದ ಹೆಸರನ್ನು, ಆಕೆಯ ಪತ್ರ ಪೂರ್ತಿ ಓದದೆ, ಆಕೆ ಯಾರ ಮೇಲೆ ದೂರಿದ್ದಳೋ ಅವರ ಕೈಗೇ ಕೊಟ್ಟಿದ್ದೇನೆ. ಆಕೆ ಬರೆದದ್ದೆಲ್ಲ ನಿಜ. ತಪ್ಪು ನನ್ನದು.” ಕೆಳಗೆ ಸಹಿ ಹಾಕಿ, ಮೊಹರು ಒತ್ತಿ, ಕಾಗದವನ್ನು ಕಪಾಟಿಗೆ ಕೊಡದೆ ಆ ಹುಡುಗಿಯ ಕೈಗೆ ಕೊಟ್ಟೆ.

“ಈ ಪ್ರಕರಣದಲ್ಲಿ ತಪ್ಪೊಪ್ಪಿಗೆ ಆಯಿತು,” ಎಂದೆ. “ಇನ್ನು ಟೀಸಿ ಯಾರಿಗೆ ಬೇಕು, ಮುಂದೆ ಬನ್ನಿ, ನಾನೇ ಬರೆದುಕೊಡುತ್ತೇನೆ.”

ಯಾರೂ ಬರಲಿಲ್ಲ. ಅಧ್ಯಕ್ಷರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು, ಹಿಂದೆಯೇ ಅಂಗಳ ಖಾಲಿಯಾಯಿತು. ಕಾವೇರಿ ಕಾಗದವನ್ನು ಮಡಚಿ ಪಾಟಿಚೀಲದೊಳಗಿಟ್ಟು ತರಗತಿಗೆ ಹೋದಳು.

ಮುಖ್ಯೋಪಾಧ್ಯಾಯರ ಮೇಲೆ ವಿಚಾರಣೆ ನಡೆದು ಅವರು ಅಮಾನತಾದರು. ಇಲಾಖೆಯ ಘನತೆಗೆ ಕುಂದು ತಂದಿದ್ದಕ್ಕೆ ನನಗೂ ಕಾರಣ ಕೇಳಿ ನೋಟಿಸು ಬಂತು. ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟೆ. ಮಗು ಬರೆದ ದೂರನ್ನು ಮೂಲ ರೂಪದಲ್ಲಿ ಎಲ್ಲಿಗೂ ಕಳಿಸಕೂಡದು, ಹೆಸರು ತೆಗೆದು ಸಾರಾಂಶ ಮಾತ್ರ ಕಡತಕ್ಕೆ ಹೋಗಬೇಕು, ತನಿಖೆಗೆ ಅಧಿಕಾರಿಯೇ ಹೋಗಬೇಕು ಎಂದು ನನ್ನ ಕಚೇರಿಯಲ್ಲಿ ಆದೇಶ ಮಾಡಿದೆ. ಎಲ್ಲ ಓದಿಕೊಂಡಿದ್ದೇನೆ ಎಂಬ ಜಂಬ ನನಗಿತ್ತು. ವಿಧಿಗಳ ಸಂಖ್ಯೆ ಬಾಯಿಪಾಠವಾಗಿದ್ದರೆ ಸಾಲದು, ಮಗುವಿನ ಹಕ್ಕು ಉಳಿಯುವುದೋ ಹೋಗುವುದೋ ನಮ್ಮ ಮೇಜಿನ ಮೇಲೆಯೇ ತೀರ್ಮಾನವಾಗುತ್ತದೆ ಎಂಬುದನ್ನು ಆ ಕೇಸು ನನಗೆ ಕಲಿಸಿತು.

ನಿವೃತ್ತಿಯ ತಿಂಗಳು ಕಾವೇರಿ ಓದುತ್ತಿದ್ದ ಹೈಸ್ಕೂಲಿಗೆ ಹೋಗಿದ್ದೆ. ಒಂಬತ್ತನೆಯ ತರಗತಿ, ನನ್ನಷ್ಟೇ ಎತ್ತರ ಬೆಳೆದಿದ್ದಳು. ನಗುತ್ತ ಮಾತಾಡಿಸಿದಳು. “ಇನ್ನೊಮ್ಮೆ ಅಂಥಾದ್ದು ಕಂಡರ ಬರೀತೀಯೇನವ್ವಾ?” ಎಂದು ಕೇಳಿದೆ.

“ಬರೀತೇನ್ರಿ ಅಕ್ಕಾರ,” ಎಂದಳು, ತಡವರಿಸದೆ. “ಆದರ ನಿಮ್ಮ ಆಫೀಸಿಗೆ ಬರಿಯಂಗಿಲ್ರಿ.”

ಶಾಲೆಗೆ ಮರಳುವ ಹಕ್ಕನ್ನು ಒಂದು ಸೋಮವಾರದಲ್ಲಿ ಅವಳಿಗೆ ಕೊಡಿಸಿದ್ದೆ. ಅವಳ ನಂಬಿಕೆಯನ್ನು ಮಾತ್ರ ಉಳಿದ ಎರಡು ವರ್ಷದಲ್ಲಿ ನಾನು ಗಳಿಸಲಾಗಲಿಲ್ಲ.